ದನ ಮೇಯದ ಗೋಮಾಳ

ಶೀಳನೆರೆ ಹೋಬಳಿಯ ನಮ್ಮ ಹಳ್ಳಿಯ ಗೋಮಾಳದಲ್ಲಿ ದನ ಮೇಯುವುದೇ ಇಲ್ಲ ಎಂಬ ಸಂಗತಿ ನನಗೆ ಗೊತ್ತಾದದ್ದು ಹಾಲಿನ ಡೈರಿಯ ಮುಂದೆ. ನನ್ನ ಎರಡು ಹಸುಗಳ ಹಾಲನ್ನು ಆಗಷ್ಟೇ ಅಳೆದು ಕೊಟ್ಟು ನಿಂತಿದ್ದೆ. ಆ ಹಸುಗಳು ಹಿಂದಿನ ದಿನವೆಲ್ಲ ಅದೇ ಗೋಮಾಳದಲ್ಲಿ ಮೇದು ಬಂದಿದ್ದವು. ಪಂಚಾಯಿತಿಯ ಠರಾವನ್ನು ಅವಕ್ಕೆ ಯಾರೂ ಓದಿ ಹೇಳಿರಲಿಲ್ಲ.

ಸಂಗತಿ ಹೇಳಿದವನು ದೇವರಾಜು, ನನ್ನ ಮೈದುನನ ಮಗ, ಪಂಚಾಯಿತಿ ಮೆಂಬರು. ಯಾವುದೋ ದೊಡ್ಡ ಕಂಪನಿಗೆ ಗೋದಾಮು ಕಟ್ಟಲು ನೆಲ ಬೇಕಾಗಿತ್ತು. ಊರ ದನ ಮೇಯುವ ನೆಲವನ್ನು ಹಾಗೆ ಕೊಡಲು ಬರುವುದಿಲ್ಲ. ಆದ್ದರಿಂದ ದೇವರಾಜು ಮತ್ತು ಅವನಂಥವರು ನಾಲ್ಕು ಜನ ಕೂತು, ‘ಸದರಿ ಜಮೀನು ಬೀಳು ಬಿದ್ದಿದ್ದು, ದನಕರು ಮೇಯುವುದಿಲ್ಲ’ ಎಂದು ಬರೆದು ರುಜು ಹಾಕಿದ್ದರು. ನೆಲ ಮಟ್ಟ ಮಾಡುವ ಕೆಲಸ ಅವನ ಟ್ರಾಕ್ಟರುಗಳಿಗೇ ಎಂದು ಮಾತಾಗಿತ್ತಂತೆ. ಇಷ್ಟು ಸಣ್ಣ ಬೆಲೆಗೆ ಇಷ್ಟು ದೊಡ್ಡ ಸುಳ್ಳು ಹೇಳಲು ಒಂದು ಬಗೆಯ ಬುದ್ಧಿ ಬೇಕು. ಅವನಿಗೆ ಅದು ಚಿಕ್ಕಂದಿನಿಂದಲೂ ಇತ್ತು.

ನನಗೆ ಹೊಲವಿಲ್ಲ, ಗದ್ದೆಯಿಲ್ಲ. ಗೋಮಾಳಕ್ಕೆ ಬೇಲಿ ಬಿದ್ದರೆ ನನ್ನ ಎರಡು ಹಸುಗಳೂ ಸಂತೆಗೆ ಹೋಗಬೇಕು. ಅದಕ್ಕೇ ಕೆ.ಆರ್. ಪೇಟೆಯ ತಾಲ್ಲೂಕು ಕಚೇರಿಯ ಎದುರು ಧರಣಿಯ ಪೆಂಡಾಲು ಎದ್ದಾಗ ನಾನೂ ಹೋಗಿ ಕೂತೆ. ಶೀಳನೆರೆ, ಕಿಕ್ಕೇರಿ ಕಡೆಯ ಹತ್ತಾರು ಹಳ್ಳಿಗಳ ಜನ ಸರದಿಯಂತೆ ಬರುತ್ತಿದ್ದರು. ಉಳ್ಳವರ ಹೊಟ್ಟೆಗೆ ಊರುಗಳೆಲ್ಲ ಇಳಿಯುತ್ತಿವೆ ಎಂಬುದು ಎಲ್ಲರ ಕೂಗು. ಕೂಗು ಸರಿಯಾಗಿತ್ತು. ಕೂಗಿಸುವವರ ವಿಷಯ ಬೇರೆ.

ಧರಣಿ ಶುರುವಾಗಿ ನಲವತ್ತು ದಿನವಾದ ಮೇಲೆ ಒಂದು ಬೆಳಿಗ್ಗೆ ಅದೇ ಡೈರಿಯ ಮುಂದೆ ಹೆಂಗಸರೆಲ್ಲ ನಿಂತಿದ್ದಾಗ ದೇವರಾಜು ಬೈಕಿನ ಮೇಲೆ ಕೂತೇ ಕೇಳಿದ.

“ಏನ್ ದೊಡ್ಡವ್ವ, ನಿಮ್ ಪೆಂಡಾಲು ಇನ್ನೂ ಅದಾ, ಗಾಳಿಗೆ ಆರೋಯ್ತಾ?”

“ಅದೆ ಕಣ್ಲಾ. ನಿನ್ ಮಾತಿಗಿಂತ ಗಟ್ಟಿಯಾಗಿ ಕಟ್ಟವ್ರೆ.”

“ನಲವತ್ತು ದಿನ ಚಿತ್ರಾನ್ನ ತಿನ್ಕಂಡು ಕುಂತ್ರಲ್ಲ, ಕಂಪನಿಯೋರು ಎದ್ದೋದ್ರಾ? ಎಲ್ಲಾರ್ನೂ ಸಮ ಮಾಡಾಕೆ ಒಂಟವ್ರೆ! ಐದು ಬೆಳ್ಳೂ ಸಮ ಅವಾ? ದೊಡ್ಡೋರು ದೊಡ್ಡೋರೇ, ಚಿಕ್ಕೋರು ಚಿಕ್ಕೋರೇ.”

“ಸಮ ಇಲ್ಲ, ನಿಜ. ಆದ್ರೂ ಮುದ್ದೆ ಮುರಿಯಾಗ ಐದೂ ಒಂದಾಯ್ತವೆ. ನಿಂದು ಬರೀ ಹೆಬ್ಬೆಟ್ಟಿನ ಕೈ ಕಣ್ಲಾ, ರುಜು ಒತ್ತಾದು ಬುಟ್ರೆ ಇನ್ಯಾವ ಕೆಲಸಕ್ಕೂ ಬರಾಕಿಲ್ಲ.”

ಹೆಂಗಸರು ನಕ್ಕರು. ಅವನ ಹೆಂಡತಿ ಪ್ರಮೀಳಾ ಕ್ಯಾನು ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಅವಳು ನಗಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ಅಷ್ಟರಲ್ಲಿ ಕರಪತ್ರ ಹಂಚಲು ಪೇಟೆಯಿಂದ ಶ್ರೀಕರ ಬಂದಿದ್ದ. ದೇವಸ್ಥಾನದ ಅರ್ಚಕ ಶ್ರೀಕಂಠಯ್ಯನವರ ಮಗ, ಕಾಲೇಜಿನಲ್ಲಿ ಮೇಷ್ಟ್ರು, ಪೆಂಡಾಲಿನ ಮುಖ್ಯ ಭಾಷಣಕಾರ. ದೇಶದ ಸಂಪತ್ತೆಲ್ಲ ಎಷ್ಟು ಮನೆಗಳಲ್ಲಿ ಸೇರಿಕೊಂಡಿದೆ ಎಂದು ಆ ಕರಪತ್ರದಲ್ಲಿ ಅಚ್ಚಾಗಿತ್ತು. ನಮ್ಮ ಗೋಮಾಳದ ಸರ್ವೆ ನಂಬರು ಮಾತ್ರ ಇರಲಿಲ್ಲ.

“ಸ್ವಾಮಿ, ದನ ಮೇಯಾಕಿಲ್ಲ ಅಂತ ಇವ್ರು ಬರ್ಕೊಟ್ಟ ಠರಾವಿನ ನಕಲು ತಗ್ಸಿದ್ರಾ? ಜಾಗ ನೋಡಾಕೆ ಸಾಹೇಬ್ರು ಯಾವತ್ತು ಬತ್ತಾರೆ?” ಎಂದು ಕೇಳಿದೆ.

“ಅಮ್ಮಾ, ಅವೆಲ್ಲ ತಾಂತ್ರಿಕ ವಿಚಾರಗಳು. ಹೋರಾಟವನ್ನು ನಿಮ್ಮ ಎರಡು ಹಸುಗಳ ಮಟ್ಟಕ್ಕೆ ಇಳಿಸಬೇಡಿ. ಇದು ಇಡೀ ವ್ಯವಸ್ಥೆಯ ಪ್ರಶ್ನೆ.”

“ವ್ಯವಸ್ಥೆ ದಿನಕ್ಕೆ ಎಷ್ಟು ಲೀಟರ್ ಕರೀತದೆ ಸ್ವಾಮಿ?”

ಶ್ರೀಕರನ ಮುಖ ಸಣ್ಣದಾಯಿತು. “ಇಂಥ ಸಂಕುಚಿತ ಮನಸ್ಸಿನಿಂದಲೇ ಜನಚಳವಳಿಗಳು ಸೋಲುವುದು,” ಎಂದ. ದೇವರಾಜು, “ಸರಿಯಾಗಿ ಯೋಳಿದ್ರಿ ಮೇಷ್ಟ್ರೇ,” ಎಂದು ಗಹಗಹಿಸಿದ. ಮಿಕ್ಕ ಯಾವ ಮಾತಿನಲ್ಲೂ ಸೇರದ ಇಬ್ಬರು ನಾನು ದಡ್ಡಿ ಎಂಬ ಒಂದು ಮಾತಿನಲ್ಲಿ ಸೇರಿದರು.

ದಾರಿಯಲ್ಲಿ ಪ್ರಮೀಳಾ ಹಿಂದೆಯೇ ಬಂದಳು. “ಅತ್ತೆ, ಆ ಮೇಷ್ಟ್ರು ಅಂಗಂದ್ರೂ ಪೆಂಡಾಲಿಗೆ ಯಾಕೋಗ್ತೀರಿ?”

“ಆಡೋನು ಒಣಜಂಬದೋನು ಅಂತ ಮಾತು ಸುಳ್ಳಾಯ್ತದಾ ಮಗ? ಅವ್ನ ಭಾಷಣ ಕೇಳಾಕಲ್ಲ, ನನ್ ಅಸ ಉಳೀಲಿ ಅಂತ ಓಗ್ತೀನಿ.”

ಹಿಂದೆ ಬೈಕಿನ ಸದ್ದು ಕೇಳಿ ಅವಳು ಕ್ಯಾನು ಎತ್ತಿಕೊಂಡು ಬೇಗ ಬೇಗ ಮುಂದೆ ನಡೆದಳು.

ನಮ್ಮೂರಿನಲ್ಲಿ ದನ ಮೇಯಿಸುವುದು ಸರದಿಯ ಮೇಲೆ. ದಿನಕ್ಕೊಂದು ಮನೆಯವರು ಊರ ದನಗಳನ್ನೆಲ್ಲ ಹೊಡೆದುಕೊಂಡು ಹೋಗಿ ಸಂಜೆ ತಂದು ಬಿಡಬೇಕು. ಬಡವ ಬಲ್ಲಿದ ಎಂಬುದಿಲ್ಲ. ಸರದಿ ತಪ್ಪಿಸಿದ ಮನೆಯ ದನವನ್ನು ಮಾರನೆಯ ದಿನದಿಂದ ಯಾರೂ ಕೂಡಿಸಿಕೊಳ್ಳುವುದಿಲ್ಲ. ಮೆಂಬರನಾದರೂ ದೇವರಾಜುವಿನ ಮನೆ ಸರದಿ ತಪ್ಪಿಸಿರಲಿಲ್ಲ. ಹಾಗೆಂದು ಅವನು ದನದ ಹಿಂದೆ ಹೋದವನಲ್ಲ. ಪ್ಯಾಂಟು ಹಾಕಲು ಕಲಿತ ಮೇಲೆ ಸಗಣಿ ತುಳಿಯುವುದನ್ನು ಬಿಟ್ಟಿದ್ದ. ಅವನ ಮನೆಯ ಸರದಿ ಎಂದರೆ ಪ್ರಮೀಳಾ.

ಮುಂದಿನ ಮಂಗಳವಾರ ಅವರ ಸರದಿ. ಜಾಗ ನೋಡಿ ಮಹಜರು ಬರೆಯಲು ರೆವಿನ್ಯೂ ಇನ್ಸ್‌ಪೆಕ್ಟರು ಬರುವುದನ್ನು ದೇವರಾಜು ಅದೇ ಮಂಗಳವಾರಕ್ಕೆ ಗೊತ್ತು ಮಾಡಿಸಿಕೊಂಡಿದ್ದ. ಬೇರೆಯವರ ಸರದಿಯ ದಿನವಾದರೆ ದನ ಗೋಮಾಳದಲ್ಲಿರುತ್ತವೆ. ತನ್ನ ಸರದಿಯಾದರೆ ಹೆಂಡತಿಗೆ ಹೇಳಿ ಕೆರೆಯಂಗಳಕ್ಕೆ ಹೊಡೆಸಬಹುದು, ಸಾಹೇಬರು ಬಂದು ಬರಿಯ ನೆಲ ನೋಡಿ ಬರೆದುಕೊಂಡು ಹೋಗುತ್ತಾರೆ. ಇಷ್ಟು ಅವನ ಲೆಕ್ಕಾಚಾರ. ಪೆಂಡಾಲಿನ ಕೆಳಗೆ ನಲವತ್ತು ದಿನ ವ್ಯವಸ್ಥೆಯನ್ನು ಬೈದವರಲ್ಲಿ ಒಬ್ಬನಿಗೂ ಈ ದಿನದ ಸುಳಿವಿರಲಿಲ್ಲ. ನನಗೂ ಇರಲಿಲ್ಲ.

ಅವತ್ತು ಸಗಣಿ ಹೆಕ್ಕಲು ಮಂಕರಿ ಹಿಡಿದು ನಾನು ದನಗಳ ಹಿಂದೆ ಹೊರಟಿದ್ದೆ. ಊರು ದಾಟಿದ ಮೇಲೆ ದಾರಿ ಎರಡಾಗುತ್ತದೆ, ಎಡಕ್ಕೆ ಕೆರೆ, ಬಲಕ್ಕೆ ಗೋಮಾಳ. ಪ್ರಮೀಳಾ ಮುಂದೆ ಓಡಿ ಬಲಗಡೆಯ ದಾರಿಗೆ ಅಡ್ಡ ನಿಂತು ಎರಡೂ ಕೈ ಚಾಚಿದಳು. ಮುಂದಿದ್ದ ಮುದಿ ಹಸು ಅವಳನ್ನೊಮ್ಮೆ ನೋಡಿ, ಪಕ್ಕಕ್ಕೆ ಸರಿದು, ಬಲಕ್ಕೇ ನಡೆಯಿತು. ಹಿಂದಿದ್ದ ಅರವತ್ತೂ ಅದರ ಜಾಡು ಹಿಡಿದವು. ಬಂಡೆಯ ಎರಡೂ ಮಗ್ಗುಲಲ್ಲಿ ನಾಲೆಯ ನೀರು ಹೋದಂತೆ ಅವಳ ಎರಡೂ ಮಗ್ಗುಲಲ್ಲಿ ದನಗಳು ಹೋದವು.

“ಯಾಕವ್ವ, ಏನಾಯ್ತು?”

“ಇವತ್ತೊಂದಿನ ಗೋಮಾಳಕ್ಕೆ ಬುಡಬ್ಯಾಡ, ಕೆರೆ ಕಡೀಕೆ ಒಡಿ ಅಂದವ್ರೆ ಅತ್ತೆ.”

“ಯಾಕಂತೆ?”

“ಕೇಳಿದ್ಕೆ ನಿಂಗ್ಯಾಕೆ ಅಂದ್ರು.”

ಕಾರಣವಿಲ್ಲದೆ ದೇವರಾಜು ದನದ ಮೇವಿನ ಯೋಚನೆ ಮಾಡುವವನಲ್ಲ.

“ಮಗ, ದಿನಾ ತುಳಿದ ದಾರಿ ಬುಟ್ಟು ದನ ಬೇರೆ ಕಡೀಕೆ ತಿರುಗ್ತವಾ? ನಾಕಾಳು ಬೇಕು. ಒಂದಿನಾನಾರಾ ದನದ ಹಿಂದೆ ಬಂದಿದ್ರೆ ನಿನ್ ಗಂಡಂಗೆ ಗೊತ್ತಿರ್ತಿತ್ತು. ಬೇಕಾದ್ರೆ ಅವ್ನೇ ಬಂದು ತಿರುಗಿಸ್ಕಳ್ಳಿ, ನಡಿ.”

ಗಂಟೆ ಹನ್ನೊಂದಾಗಿತ್ತು. ದನಗಳು ಗೋಮಾಳದ ತುಂಬ ಹರಡಿಕೊಂಡು ಮೇಯುತ್ತಿದ್ದವು. ಜೀಪು ಬಂತು. ಇನ್ಸ್‌ಪೆಕ್ಟರು ಇಳಿದರು. ಶರಟನ್ನು ಪ್ಯಾಂಟಿನೊಳಗೆ ತೂರಿಸಿದ್ದ ಕಂಪನಿಯವನು ಇಳಿದು, ಹಸಿ ಸಗಣಿಯ ಮೇಲೆ ಬೂಟು ಇಟ್ಟು, ಒಂದು ಹೆಜ್ಜೆ ಹಿಂದೆ ಹೋದ. ಕೊನೆಗೆ ದೇವರಾಜು ಇಳಿದ. ಅವನ ಕೈಯಲ್ಲಿ ಮೊದಲೇ ಬರೆಸಿ ತಂದ ಕಾಗದವಿತ್ತು. ದನಗಳನ್ನು ಕಂಡವನೇ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡ.

“ಏನ್ರೀ ಮೆಂಬರೇ, ದನ ಮೇಯಲ್ಲ ಅಂದ್ರಿ?” ಇನ್ಸ್‌ಪೆಕ್ಟರು ಕೇಳಿದರು.

“ಇವತ್ತು ದಾರಿ ತಪ್ಪಿ ಬಂದ್ಬುಟ್ಟವೆ ಸಾ.”

“ಅಷ್ಟೂ ಒಟ್ಟಿಗೇ ತಪ್ಪಿದ್ವಾ?”

ದೇವರಾಜು ಹೇಯ್, ಹೋಯ್ ಎಂದು ಕೂಗುತ್ತ ಕರವಸ್ತ್ರ ಬೀಸಿಕೊಂಡು ದನಗಳ ನಡುವೆ ನುಗ್ಗಿದ. ಯಾವ ದನವೂ ಅಲುಗಲಿಲ್ಲ. ಅವನ ಮನೆಯ ಹಸುವೇ ಕೋಡು ತಗ್ಗಿಸಿ ಬುಸುಗುಟ್ಟಿತು. ಅದರ ತಪ್ಪಲ್ಲ. ಅದು ಅವನನ್ನು ನೋಡಿದ್ದರೆ ಚುನಾವಣೆಯ ಫ್ಲೆಕ್ಸಿನಲ್ಲಿ ನೋಡಿರಬೇಕು.

ನಾನು ಮುಂದೆ ಹೋದೆ. “ಸ್ವಾಮಿ, ನಮ್ಮತ್ತೆ ಕಾಲದಿಂದ್ಲೂ ದನ ಇಲ್ಲೇ ಮೇಯಾದು.”

“ಈವಮ್ಮನ ಮಾತು ಬರ್ಕಬ್ಯಾಡಿ ಸಾ,” ದೇವರಾಜು ಓಡಿ ಬಂದ. “ಪೆಂಡಾಲಿನ ಗಿರಾಕಿ. ಭಾಷಣ ಕೇಳಿ ಕೇಳಿ ತಲೆ ಕೆಟ್ಟದೆ.”

“ಹೌದೇನಮ್ಮ, ಧರಣಿಯವರಾ ನೀವು?” ಎಂದರು ಇನ್ಸ್‌ಪೆಕ್ಟರು. “ಹಾಗಾದ್ರೆ ಬೇರೆ ಯಾರಾದ್ರೂ ಹೇಳಲಿ. ಇವತ್ತು ದನ ತಂದವರು ಯಾರು?”

ಪ್ರಮೀಳಾ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ದೇವರಾಜುವಿನ ಮುಖದಲ್ಲಿ ಬೆಳಕು ಬಂತು.

“ನನ್ ಹೆಂಡ್ತೀನೇ ಸಾ. ಏಯ್ ಪ್ರಮೀಳಾ, ಯೋಳು ಸಾಹೇಬ್ರಿಗೆ. ಇವತ್ತೊಂದಿನ ತಾನೆ ಇಲ್ಲಿಗೆ ಬಂದಿದ್ದು? ಯೋಳೇ.”

ನಾನು ಮಂಕರಿಯನ್ನು ಕೆಳಗಿಟ್ಟೆ. ಅವಳು ಹೂಂ ಎಂದರೆ ಸಾಕು, ನನ್ನ ಹಸುಗಳು ಹೋದಂತೆಯೇ. ಅವಳು ಊಹೂಂ ಎಂದರೆ ಸಂಜೆ ಅವಳು ಹೋಗಬೇಕಾದದ್ದು ಅದೇ ಗಂಡನ ಮನೆಗೆ. ಹೇಳು ಎನ್ನಲು ನನಗೆ ಬಾಯಿ ಬರಲಿಲ್ಲ.

ಪ್ರಮೀಳಾ ಗಂಡನ ಕಡೆ ತಿರುಗದೆ ಹೇಳಿದಳು.

“ಸಾ, ಮದ್ವೆಯಾಗಿ ಎಂಟನೇ ದಿನಕ್ಕೆ ನಮ್ಮನೆ ಸರದಿ ಬಂತು. ಕೈ ಅರಿಸಿನ ಇನ್ನೂ ಮಾಸಿರ್ನಿಲ್ಲ, ದನ ಒಡ್ಕಂಡು ಇಲ್ಲಿಗೇ ಬಂದೆ. ಅದಾಗಿ ಅದಿನೆಂಟು ವರ್ಸ. ಅವತ್ತಿಂದ ನಮ್ಮನೆ ಸರದಿ ಅಂದ್ರೆ ನಾನೇ. ಇವ್ರು ಒಂದಿನಾನೂ ಬಂದೋರಲ್ಲ. ಅದ್ಕೇ ಇಲ್ಲಿ ದನ ಮೇಯಾದು ಇವ್ರಿಗೆ ಗೊತ್ತಿಲ್ಲ. ಗೊತ್ತಿಲ್ದೆ ಬರ್ಕೊಟ್ಟವ್ರೆ, ಬುಡಿ.”

ಕಂಪನಿಯವನು ಬೂಟನ್ನು ಹುಲ್ಲಿಗೆ ಒರೆಸುವುದನ್ನು ನಿಲ್ಲಿಸಿದ. ಇನ್ಸ್‌ಪೆಕ್ಟರು ಹಾಳೆ ತೆಗೆದು ಬರೆದರು, ಓದಿ ಹೇಳಿದರು. ‘ಸ್ಥಳದಲ್ಲಿ ಗ್ರಾಮದ ಜಾನುವಾರುಗಳು ಮೇಯುತ್ತಿರುವುದು ಕಂಡುಬಂದಿದೆ.’ ಪ್ರಮೀಳಾ ಅದರ ಕೆಳಗೆ ದುಂಡಗೆ ರುಜು ಮಾಡಿದಳು.

“ಮನೆಗೆ ಬಾ, ಐತೆ ನಿಂಗೆ,” ಎಂದು ದೇವರಾಜು ಹಲ್ಲು ಕಡಿದ.

“ಈಗ್ಲೇ ಬರಂಗಿಲ್ಲ. ಸಂಜೆಗೆ ಮುಂಚೆ ದನ ಬುಟ್ಟು ಬಂದ್ರೆ ಸರದಿ ಕೆಡ್ತದೆ.”

ಆ ಸಂಜೆ ನಾನೂ, ಇನ್ನು ಏಳೆಂಟು ಜನ ಹೆಂಗಸರೂ ಅವಳ ಜೊತೆಗೆ ಅವಳ ಮನೆಯವರೆಗೆ ಹೋದೆವು. ಹೋಗಿ ಜಗಲಿಯ ಮೇಲೆ ಕೂತೆವು. ದೇವರಾಜು ಒಳಗಿನಿಂದ ಎರಡು ಸಲ ಇಣುಕಿ ನೋಡಿದ. ಓಟು ಬೇಕಾದವನು ಅಷ್ಟು ಜನ ಹೆಂಗಸರ ಎದುರು ಕೈ ಎತ್ತುವುದಿಲ್ಲ. ಮಾರನೆಯ ದಿನವೂ ಕೂತೆವು. ಮೂರನೆಯ ದಿನ ಅವನೇ ಬಂದು, “ಕಾಪಿ ಕುಡೀರಿ ದೊಡ್ಡವ್ವ,” ಎಂದ.

ಟ್ರಾಕ್ಟರಿನ ಕೆಲಸ ಕೈತಪ್ಪಿತು. ಕಂಪನಿಯವರು ಅವನ ಫೋನು ಎತ್ತುವುದನ್ನು ನಿಲ್ಲಿಸಿದರು. ಕಾಗದಗಳು ಪಾಂಡವಪುರಕ್ಕೆ, ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋದವು. ಇತ್ಯರ್ಥವಾಗುವವರೆಗೆ ಬೇಲಿ ಹಾಕುವಂತಿಲ್ಲ ಎಂದು ಆಯಿತು. ವಿಚಾರಣೆಗೆ ದಿನ ಗೊತ್ತಾಯಿತು.

ಆ ವಾರ ಪೆಂಡಾಲಿನಲ್ಲಿ ಗೆಲುವಿನ ಸಭೆ. ಚಳವಳಿಯ ಒತ್ತಡಕ್ಕೆ ಬಂಡವಾಳಶಾಹಿ ಮಣಿಯಿತೆಂದು ಶ್ರೀಕರ ಮುಕ್ಕಾಲು ಗಂಟೆ ಹೇಳಿದ. ಎರಡನೆಯ ಭಾಷಣ ದೇವರಾಜುವಿನದು! ಹೆಗಲ ಮೇಲೆ ಹೊಸ ಶಾಲು, ಕೊರಳಲ್ಲಿ ಹಾರ. ಅವನ ಹಿಂದೆ ಓಟುಗಳಿವೆ, ಅಂಥವರು ಹೋರಾಟಕ್ಕೆ ಬೇಕು ಎಂದು ಶ್ರೀಕರನೇ ಕರೆಸಿದ್ದನಂತೆ. “ಗೋಮಾಳ ಉಳಿಸಾಕೆ ನಮ್ಮನೆಯೋರೇ ಮುಂದೆ ನಿಂತ್ಕಂಡ್ರು,” ಎಂದು ದೇವರಾಜು ಎದೆ ತಟ್ಟಿಕೊಂಡ. ಅವನ ಬಾಯಿಂದ ನಾನು ಕೇಳಿದ ಮೊದಲನೆಯ ನಿಜ ಅದು. ಜನ ಚಪ್ಪಾಳೆ ತಟ್ಟಿದರು.

ಪ್ರಮೀಳಾ ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದಳು. ಪೆಂಡಾಲಿಗೆ ಅವಳು ಬಂದದ್ದು ಅದೇ ಮೊದಲು. ಅವಳ ಹೆಸರನ್ನು ಯಾರೂ ಹೇಳಲಿಲ್ಲ.

“ಅತ್ತೆ, ಇವ್ರು ಎಷ್ಟೊತ್ತು ಮಾತಾಡ್ತಾರೆ?”

“ಕರೆಂಟು ಓಗಗಂಟ.”

“ಅಂಗಾರೆ ಏಳಿ. ನಾಕು ಗಂಟೆ ಬಸ್ಸು ತಪ್ಪುದ್ರೆ ಆಲು ಕರೆಯೋರ್ಯಾರು?”

ನಾವು ಎದ್ದೆವು. ಹಸು ಕಟ್ಟಿದ ಹೆಂಗಸರೆಲ್ಲ ಎದ್ದರು. ಶ್ರೀಕರ ಗಾಬರಿಯಿಂದ ಇಳಿದು ಬಂದ. “ತಾಯಂದಿರೇ, ಕೂತ್ಕೊಳ್ಳಿ, ಮುಖ್ಯವಾದ ನಿರ್ಣಯ ಇನ್ನೂ ಬಾಕಿ ಇದೆ.”

“ಗುರುವಾರ ಅನ್ನೊಂದು ಗಂಟೆಗೆ ಪಾಂಡವಪುರದಲ್ಲಿ ನಾನು ಸಾಕ್ಷಿ ಯೋಳ್ಬೇಕು ಸಾ,” ಎಂದಳು ಪ್ರಮೀಳಾ. “ನೀವೂ ಬನ್ನಿ. ಅಲ್ಲಿ ಮೈಕು ಇರಾಕಿಲ್ಲ.”

ಗುರುವಾರ ಕಾಲೇಜಿದೆಯೇನೋ ಎಂದು ಅವನು ಗೊಣಗಿದ. ವೇದಿಕೆಯ ಮೇಲೆ ದೇವರಾಜು ಖಾಲಿ ಚಾಪೆಗಳಿಗೆ ತನ್ನ ತ್ಯಾಗದ ಕಥೆ ಹೇಳುತ್ತಲೇ ಇದ್ದ. ನಮ್ಮ ಬಸ್ಸು ಬಂತು. ಗುರುವಾರ ಬೆಳಗಿನ ಯಾವ ಬಸ್ಸು ಪಾಂಡವಪುರಕ್ಕೆ ಹೊತ್ತಿಗೆ ಮುಂಚೆ ಮುಟ್ಟುತ್ತದೆ ಎಂದು ಪ್ರಮೀಳಾ ಕಂಡಕ್ಟರನನ್ನು ಕೇಳತೊಡಗಿದಳು.