ಬೋರಲು ಬಿದ್ದ ಚಪ್ಪಲಿ

ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಬೋರಲು ಹೊತ್ತು ಜವಾನ ಯಂಕಣ್ಣ ಕಾಕಾ ಬರುತ್ತಿದ್ದಾನೆ, ಆ ಕುರ್ಚಿ ನನಗೇ, ಇನ್ಯಾರಿಗೆ, ಇಡೀ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗೆ ಪಲ್ಲಕ್ಕಿಯಲ್ಲಿ ಹೋಗುವವಳು ನಾನೊಬ್ಬಳೇ — ಮತ್ತೆ ಅದೇ ಮೆಟ್ಟಿಲು, ಅದೇ ಎರಡನೇ ಮಹಡಿ, ನನ್ನ ಗಾಲಿಕುರ್ಚಿ ಕೆಳಗೆ, ನಾನು ಮೇಲೆ. ಕೇಳಿದ್ದೇನು ನಾನು, ಕೆಳಗಿನ ಯಾವುದಾದರೂ ಕೋಣೆಯಲ್ಲಿ ಒಂದು ಬೆಂಚು, ಅಷ್ಟೇ. ಅರ್ಜಿ ಕೊಟ್ಟೆ, ಡಾಕ್ಟರ ಸರ್ಟಿಫಿಕೇಟು ಕೊಟ್ಟೆ, ಅಪ್ಪ ತಾರಿಹಾಳದ ಕಾರ್ಖಾನೆಗೆ ರಜೆ ಹಾಕಿ ಧಾರವಾಡದ ತನಕ ಕರೆತಂದ, ಪರೀಕ್ಷಾ ವಿಭಾಗದ ಪ್ರಭಾವತಿ ಮೇಡಂ ಎಷ್ಟು ಪ್ರೀತಿಯಿಂದ ಕೇಳಿಸಿಕೊಂಡರು, ಚಹಾ ಬೇರೆ ತರಿಸಿದರು, ನೋಡವಾ ದಾಕ್ಷಾಯಿಣಿ, ನೀ ಏನೂ ಚಿಂತಿ ಮಾಡಬ್ಯಾಡ, ನಮ್ಮ ಮಂದಿ ನಿನ್ನ ಹೂವಿನ್ಹಂಗ ಎತಗೊಂಡು ಹೋಗ್ತಾರ. ಎತ್ತೂದು ಬ್ಯಾಡ್ರಿ ಮೇಡಂ, ಕೆಳಗ ಕೂಡಸ್ರಿ. ಅಯ್ಯ, ಸಂಕೋಚ ಯಾಕ, ಎಲ್ಲಾರೂ ಮನಿ ಮಂದಿ ಇದ್ದಂಗ. ಸಂಕೋಚವಂತೆ. ಸಿಟ್ಟು ಮೇಡಂ, ಮೈಯೆಲ್ಲ ಉರಿಯುವ ಸಿಟ್ಟು, ಎಂ.ಎ. ಓದುವ ಹೆಂಗಸಿನ ಕಂಕುಳಲ್ಲಿ ಯಾರ್ಯಾರದೋ ಕೈ — ಹೋದ ಸೆಮಿಸ್ಟರಿನಲ್ಲಿ ಎತ್ತಿದರಲ್ಲ, ಯಂಕಣ್ಣ ಕಾಕಾ ಮತ್ತು ಕ್ಲರ್ಕ್ ಪ್ರತಾಪ, ತಿರುವಿನಲ್ಲಿ ಕುರ್ಚಿ ವಾಲಿತು, ಕೆಳಗಿನಿಂದ ಯಾರೋ ಫೋಟೊ ಹೊಡೆದರು. ಮನೆಗೆ ಬಂದಾಗ ಅವ್ವ, ಒಂದು ಚಪ್ಪಲಿ ಎಲ್ಲೇ ಅಂದಳು, ನನಗೆ ಗೊತ್ತಿದ್ದರೆ ತಾನೇ, ಸ್ಕೂಟರಿನಿಂದ ಬಿದ್ದ ಮೇಲೆ ಸೊಂಟದ ಕೆಳಗೆ ನನಗೇನೂ ತಿಳಿಯುವುದಿಲ್ಲ, ಕಳಚಿದ್ದನ್ನು ಕಾಲು ಹೇಳಲಿಲ್ಲ, ಕಂಡವರೂ ಹೇಳಲಿಲ್ಲ. ಸಂಜೆ ವಾಟ್ಸಾಪಿನಲ್ಲಿ ಬಂತು ಫೋಟೊ, ಮಾನವೀಯತೆ ಇನ್ನೂ ಬದುಕಿದೆ ಎಂದು ಮೇಲೆ ಬರೆದಿತ್ತು, ಅದರಲ್ಲಿ ನನ್ನ ಎಡಗಾಲು ಬರಿದು, ಚಪ್ಪಲಿ ಮೆಟ್ಟಿಲ ಮೇಲೆ ಬೋರಲು ಬಿದ್ದಿತ್ತು.

ಆಮೇಲೆ ಸನ್ಮಾನ ಬೇರೆ, ನನಗಲ್ಲ, ಎತ್ತಿದವರಿಗೆ. ಶಾಲು, ಹಣ್ಣಿನ ಬುಟ್ಟಿ, ಮೇಡಂ ಮೈಕಿನ ಮುಂದೆ ಕಣ್ಣೊರೆಸಿಕೊಂಡರು, ಶಾಲು ನಿನ್ನ ಕೈಲೇ ಹೊಚ್ಚಸವಾ ಅಂದರು, ಹೊಚ್ಚಿಸಿದೆ, ಏನು ಮಾಡಲಿ, ಯಂಕಣ್ಣ ಕಾಕಾ ನನ್ನತ್ತ ಬಗ್ಗಿದಾಗ ಮೆಲ್ಲಗೆ, ಅವತ್ತಿಂದ ನನ್ನ ಸೊಂಟ ಹಿಡದೈತಿ ಯವ್ವಾ, ಯಾರಿಗೆ ಹೇಳೂದು. ಅವನಿಗೂ ಬೇಡ, ನನಗೂ ಬೇಡ, ಮತ್ತೆ ಈ ಮೆರವಣಿಗೆ ಬೇಕಾದದ್ದು ಯಾರಿಗೆ. ಆ ಸನ್ಮಾನ ನಡೆದದ್ದಾದರೂ ಎಲ್ಲಿ, ಇಲ್ಲೇ, ನನ್ನ ಬಲಕ್ಕಿರುವ ಈ ಹಾಲಿನಲ್ಲಿ, ಕೆಳಗೆ, ಒಂದು ಮೆಟ್ಟಿಲೂ ಇಲ್ಲ, ಫ್ಯಾನಿದೆ, ಬೆಂಚುಗಳಿವೆ, ನನ್ನ ಗಾಲಿ ಸರ್ರನೆ ಒಳಗೆ ಹೋಗಿತ್ತು — ಇಲ್ಲೇ ಬರೀತೀನ್ರಿ ಮೇಡಂ ಅಂದೆ ಅವತ್ತೇ, ನಕ್ಕುಬಿಟ್ಟರು, ಈ ಹಾಲ್ ಕಾರ್ಯಕ್ರಮಕ್ಕ ಅದವಾ, ಪರೀಕ್ಷಾಕ್ಕ ಕೊಡೂದಿಲ್ಲ. ನನ್ನನ್ನು ಮೇಲಕ್ಕೆ ಹೊತ್ತದ್ದಕ್ಕೆ ಸನ್ಮಾನ ಮಾಡಲು ಕೆಳಗೆ ಜಾಗ ಇದೆ, ನಾನು ಕೂರಲು ಇಲ್ಲ. ಗಂಟೆ ಹೊಡೆಯಿತು, ಕೊನೆಯ ಸೆಮಿಸ್ಟರ್, ಇವತ್ತಿನ ಪೇಪರು ತಪ್ಪಿದರೆ ವರ್ಷ ಹೋಯಿತು, ಕುರ್ಚಿ ಇಳಿಸಿದ ಕಾಕಾ ಸೊಂಟ ಹಿಡಿದುಕೊಂಡು, ಬರ್ರಿ ಯವ್ವಾ, ಲಗೂನ, ಪ್ರತಾಪ ಆಗಲೇ ಅಂಗಿಯ ತೋಳು ಮಡಚುತ್ತಿದ್ದಾನೆ, ನನ್ನ ಕೈ ಗಾಲಿಯ ಬ್ರೇಕ್ ಒತ್ತಿತು, ಇದು ನನ್ನದೇ ದನಿಯೇ, ನಾ ಬರೂದಿಲ್ಲ ಕಾಕಾ, ಪೇಪರ್ ಇಲ್ಲೇ ಕಳಸ್ರಿ ಅಂತ ಮೇಡಂಗ ಹೇಳ್ರಿ. ಮೇಲಿನ ಕಂಬಿಯಿಂದ ಮೇಡಂ ಬಗ್ಗಿ, ಏನಾತವಾ, ಟೈಮ್ ಆತು, ಹಟ ಮಾಡಬ್ಯಾಡ. ಹಟವಂತೆ. ಮೇಲೆ ಪ್ರಶ್ನೆಪತ್ರಿಕೆ ಹಂಚುತ್ತಿರಬೇಕು, ಬಾಗಿಲು ಹಾಕಿದ ಸದ್ದು, ಹಾಕಲಿ, ಕೈ ಬ್ರೇಕ್ ಬಿಡುತ್ತಿಲ್ಲ, ಬಗ್ಗಿ ಕಾಲು ನೋಡಿಕೊಳ್ಳುತ್ತೇನೆ, ಎರಡೂ ಚಪ್ಪಲಿ ಇವೆ, ಮೆಟ್ಟಿಲ ತಿರುವಿನಲ್ಲಿ ಈಗ ಏನೂ ಇಲ್ಲ, ಗುಡಿಸಿದ್ದಾರೆ, ಆದರೂ ಅಲ್ಲೇ ಇದೆ, ಎಲ್ಲರೂ ದಾಟಿಕೊಂಡು ಹೋದದ್ದು, ಮತ್ತೆ ಕಾಲು ನೋಡಿಕೊಳ್ಳುತ್ತೇನೆ, ಮತ್ತೆ ಆ ಮೆಟ್ಟಿಲು, ಬೋರಲು ಬಿದ್ದ ಆ ಚಪ್ಪಲಿ