ಹೊಸ ಹೆಡ್ಡಿನ ನಾಲ್ಕು ಪ್ಲಗ್ಗು

ಮೂರನೇ ಸಲವೂ ಸ್ಪಾರ್ಕ್ ಪ್ಲಗ್ಗು ವಾರೆಯಾಗಿಯೇ ಕೂತಿತು. ಮೆಕ್ಯಾನಿಕ್ ಇಕ್ಕಳ ಅದನ್ನು ಹೊರತೆಗೆದು ಬೆಳಕಿಗೆ ಹಿಡಿದ. ಥ್ರೆಡ್ಡಿನ ತುದಿಯಲ್ಲಿ ಕೂದಲೆಳೆಯಂಥ ಬಿಳಿಯ ಲೋಹದ ಚೂರು. ಅದು ಪ್ಲಗ್ಗಿನದಲ್ಲ, ಎಂಜಿನ್ನಿನ ಹೊಸ ಅಲ್ಯುಮಿನಿಯಂ ಹೆಡ್ಡಿನದು.

ಮೆಕ್ಯಾನಿಕ್ಕಿಗೆ ಇಕ್ಕಳ ಎಂಬ ಹೆಸರು ಬಿಟ್ಟಿ ಬಂದದ್ದಲ್ಲ. ಅವನು ಬಿಗಿದ ನಟ್ಟು ಬಿಚ್ಚಲು ಭೂಕಂಪವೇ ಆಗಬೇಕಿತ್ತು; ಆದರೂ ಊರು ಬೀಳುತ್ತಿತ್ತೇ ಹೊರತು ನಟ್ಟು ಅಲುಗುತ್ತಿರಲಿಲ್ಲ. ಎರಕದ ಕಬ್ಬಿಣದ ಹೆಡ್ಡುಗಳು ಅವನ ಈ ಪ್ರೀತಿಯನ್ನು ವರ್ಷಾನುಗಟ್ಟಲೆ ಸಹಿಸಿಕೊಂಡಿದ್ದವು. ಅಲ್ಯುಮಿನಿಯಂ ಹಾಗಲ್ಲ, ಗಟ್ಟಿಯಾಗಿ ಬೈದರೂ ಬಾಗುವ ಜಾತಿ. ಪ್ಲಗ್ಗಿನ ಬಾಲಕ್ಕೆ ರಬ್ಬರ್ ಕೊಳವೆಯ ತುಂಡು ಸಿಕ್ಕಿಸಿ ಎರಡೇ ಬೆರಳಲ್ಲಿ ತಿರುಗಿಸಬೇಕು. ಥ್ರೆಡ್ಡು ದಾರಿ ತಪ್ಪಿದ್ದು ಬೆರಳಿಗೆ ತಿಳಿಯಬೇಕು. ಇಕ್ಕಳನ ಬೆರಳಿಗೆ ಕೆಲವು ತಿಂಗಳಿಂದ ಏನೂ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹೇಳಿದ ದಿನವೇ ಶೆಡ್ಡಿಗೆ ಬೀಗ.

"ಏನಣ್ಣಾ, ಪ್ಲಗ್ಗಿಗೆ ಜೋಗುಳ ಹಾಡ್ತಿದೀಯಾ?" ಸ್ಟೂಲಿನ ಮೇಲೆ ಕೂತಿದ್ದ ಟ್ಯಾಕ್ಸಿಯವನು ಕೇಳಿದ. ಕಾರು ಅವನದು. ಈ ಹೆಡ್ಡಿಗಾಗಿ ಅವನು ಕಾದ ಕಾಲದಲ್ಲಿ ಒಂದು ಸಾಮ್ರಾಜ್ಯ ಹುಟ್ಟಿ ಅಳಿಯಬಹುದಿತ್ತು. "ಇನ್ನೊಂದು ಸಿಗಲ್ಲ, ನೋಡ್ಕೊಂಡು ಮಾಡು."

"ಮೊದ್ಲು ನಿನ್ನ ಬಾಯಿಗೊಂದು ಪ್ಲಗ್ಗು ಹಾಕ್ಲಾ?"

ಅಷ್ಟರಲ್ಲಿ ಇಕ್ಕಳನ ಹೆಂಡತಿ ಬಂದಳು. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ, ಶೆಡ್ಡಿನಲ್ಲಿ ಮನೆಯ ಬೀಗದ ಕೈ ಇಸಿದುಕೊಂಡು ಹೋಗಿ ಮಲಗುವುದು ಅವಳ ರೂಢಿ. ಕಣ್ಣಿನ ಕೆಳಗೆ ಜೋತ ಚೀಲಗಳಲ್ಲಿ ಒಂದು ತಿಂಗಳ ದಿನಸಿ ತುಂಬಬಹುದಿತ್ತು. ಆದರೂ ಎಂಥ ಬಡಕಲು ತೋಳನ್ನಾದರೂ ಸವರಿಯೇ ನರ ಹುಡುಕುವ ನರ್ಸು. ಅವಳು ಸೂಜಿ ಹಾಕಿದರೆ, ಅಳಲೆಂದೇ ಸಿದ್ಧವಾಗಿ ಬಂದ ಮಕ್ಕಳು ನಿರಾಸೆಯಿಂದ ಮನೆಗೆ ಹೋಗುತ್ತಿದ್ದವು.

ಅವಳು ಬೀಗದ ಕೈ ಕೇಳಲಿಲ್ಲ. ಪ್ಲಗ್ಗಿನ ತುದಿ ನೋಡಿದಳು, ಗಂಡನ ಬೆರಳು ನೋಡಿದಳು.

"ಎಷ್ಟು ದಿನ ಆಯ್ತು?"

"ಏನು ಎಷ್ಟು ದಿನ?"

"ಅಂಗಿ ಗುಂಡಿ ಎಲ್ಲೆಲ್ಲೋ ಸಿಕ್ಕಿಸ್ಕೊಂಡು ಬರ್ತಿದೀರಲ್ಲ, ಅದು. ಕೇಳಿದ್ರೆ ಹಾರಾಡ್ತೀರಿ ಅಂತ ಸುಮ್ನಿದ್ದೆ."

ಇಕ್ಕಳ ಟ್ಯಾಕ್ಸಿಯವನ ಕಡೆ ನೋಡಿದ. ಅವನ ಮೈಯೆಲ್ಲ ಕಿವಿಯಾಗಿತ್ತು. ಇನ್ನೊಮ್ಮೆ ಬಲ ಹಾಕಿದರೆ ಸದ್ಯಕ್ಕೆ ಮಾನ ಉಳಿಯುತ್ತಿತ್ತು, ಹೆಡ್ಡು ಹೋಗುತ್ತಿತ್ತು. ಇಕ್ಕಳ ರಬ್ಬರ್ ಕೊಳವೆಯನ್ನು ಹೆಂಡತಿಯತ್ತ ಚಾಚಿದ.

"ನಂಗೆ ತಿಳೀತಿಲ್ಲ. ನೀನೇ ನೋಡು."

ಟ್ಯಾಕ್ಸಿಯವನು ದಡಕ್ಕನೆ ಎದ್ದ. "ಅಕ್ಕಾ, ಅದು ನನ್ನ ಹೆಡ್ಡು."

"ಕೂತ್ಕೊಳಪ್ಪ. ಇದಕ್ಕಿಂತ ನಾಜೂಕಿನ ಜಾಗಕ್ಕೆ ಚುಚ್ಚಿದೀನಿ."

"ಮೊದ್ಲು ಹಿಂದಕ್ಕೆ ತಿರುಗಿಸು," ಎಂದ ಇಕ್ಕಳ. "ಟಕ್ ಅಂತ ಒಂಚೂರು ಕೆಳಗಿಳಿಯುತ್ತೆ. ಅಲ್ಲಿಂದ ಮುಂದಕ್ಕೆ."

ಅವಳು ಕಣ್ಣು ಮುಚ್ಚಿ ತಿರುಗಿಸಿದಳು. ನಿಂತಳು. ಮತ್ತೆ ತಿರುಗಿಸಿದಳು. ಪ್ಲಗ್ಗು ತವರಿಗೆ ಹೊರಟವಳಂತೆ ಸರಸರನೆ ಇಳಿಯಿತು. ಉಳಿದವೂ ಹಿಂದೆಯೇ ಹೋದವು. ಸ್ಪ್ಯಾನರ್ ಹಿಡಿದು ಕೊನೆಯ ಬಿಗಿ ಹಾಕಿದ್ದು ಇಕ್ಕಳನೇ. ಆದರೆ ಅವಳು ಮಣಿಕಟ್ಟು ಹಿಡಿದು "ಸಾಕು" ಎಂದಲ್ಲಿಗೆ ನಿಲ್ಲಿಸಿದ.

ಟ್ಯಾಕ್ಸಿಯವನು ಕೀಲಿ ತಿರುಗಿಸಿದ. ಎಂಜಿನ್ನು ಒಮ್ಮೆಯೂ ಮುಗ್ಗರಿಸದೆ ಓಡತೊಡಗಿತು. "ಇನ್ಮೇಲೆ ಅಕ್ಕನ ಪಾಳಿ ಕೇಳ್ಕೊಂಡೇ ಗಾಡಿ ತರ್ತೀನಿ," ಎಂದು ಅವನು ಒಳಗಿನಿಂದ ಕೂಗಿದ.

ಇಕ್ಕಳ ಎಂಜಿನ್ನನ್ನು ಬಹಳ ಹೊತ್ತು ಓಡಲು ಬಿಟ್ಟ. ಅಭ್ಯಾಸಬಲದಿಂದ ಬಿಸಿಯೇರಿದ ಹೆಡ್ಡಿನ ಅಂಚಿಗೆ ಅಂಗೈ ಊರಿ, ತಲೆ ವಾಲಿಸಿ, ಸದ್ದು ಕೇಳುತ್ತ ನಿಂತ. ಹೆಂಡತಿ ಹತ್ತಿರ ಬಂದು ಅವನ ಕೈಯನ್ನು ಅಲ್ಲಿಂದ ಎತ್ತಿ, ಮಗುಚಿ, ತನ್ನ ಕೈಮೇಲೆ ಇಟ್ಟುಕೊಂಡಳು. ಅಂಗೈ ಕೆಂಪಗೆ ಸುಟ್ಟಿತ್ತು. ಅವನು ಇನ್ನೂ ಎಂಜಿನ್ನಿನ ಸದ್ದನ್ನೇ ಕೇಳುತ್ತಿದ್ದ.