ಉಡುಗೊರೆಯಾಗಿ ಕೊಟ್ಟ ಕೋಣೆ

ನಮ್ಮ ಹೋಟೆಲಿನಲ್ಲಿ ಯಾರಿಗೂ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ವಿಯೆನ್ನಾದ ಹಳೆಯ ಪೇಟೆಯಲ್ಲಿ ಚಕ್ರವರ್ತಿಯ ಕಾಲದಲ್ಲಿ ಕಟ್ಟಿದ ಕಟ್ಟಡ ನಮ್ಮದು. ಮೆಟ್ಟಿಲಿಗೆಲ್ಲ ಅಮೃತಶಿಲೆ, ತಲೆಯ ಮೇಲೆ ಗಾಜಿನ ದೀಪಗುಚ್ಛ. ಬಂದವರು ದೀಪ ನೋಡುತ್ತಾ ನಿಲ್ಲುತ್ತಾರೆ, ನಾವು ಅವರ ಪೆಟ್ಟಿಗೆ ನೋಡುತ್ತೇವೆ. ಕೋಣೆ ಶುಚಿ ಮಾಡುವ ಹೆಂಗಸರ ಮೇಲ್ವಿಚಾರಣೆ ನನ್ನದು. ಹೆಸರು ಯಾದ್ರಾಂಕಾ. ಕ್ರೊಯೇಷಿಯಾದಿಂದ ಹುಡುಗಿಯಾಗಿ ಬಂದವಳು ಈ ಊರಿನಲ್ಲೇ ಮೊಮ್ಮಕ್ಕಳನ್ನು ಕಂಡಿದ್ದೇನೆ, ಹಾಗಾಗಿ ಇಲ್ಲಿಯವರ ನಯ ಎಂಥದ್ದು ಅಂತ ನನಗೆ ಗೊತ್ತು.

ಅಂಗಳದ ಕಡೆಗೆ ಮುಖ ಮಾಡಿರುವ ಚಿಕ್ಕ ಕೋಣೆಗಳಿಗೆ ನಮ್ಮಲ್ಲಿ ಬಾಡಿಗೆ ಕಡಿಮೆ, ಕೇಳುವವರು ಜಾಸ್ತಿ. ಕೊನೆಗಳಿಗೆಯಲ್ಲಿ ಒಂದಿಬ್ಬರು ಬರುವುದಿಲ್ಲ ಎಂಬ ಧೈರ್ಯದ ಮೇಲೆ, ಇರುವುದಕ್ಕಿಂತ ಹೆಚ್ಚು ಕೋಣೆಗಳನ್ನು ಮಾರಿರುತ್ತಾರೆ. ಎಲ್ಲರೂ ಬಂದುಬಿಟ್ಟರೆ ಯಾರನ್ನಾದರೂ ಮೇಲಿನ ದೊಡ್ಡ ಕೋಣೆಗೆ ತಳ್ಳಬೇಕು. ತಳ್ಳಿದೆವು ಅಂತ ಹೇಳುವ ಹಾಗಿಲ್ಲವಲ್ಲ, ಅದಕ್ಕೆ ಉಡುಗೊರೆ ಅನ್ನುತ್ತೇವೆ. ಮೇಜಿನ ಮೇಲೆ ಒಂದು ಹೂವು, ಕೈಬರಹದ ಒಂದು ಚೀಟಿ, ಷಾಂಪೇನ್ ಅಂತ ಹೇಳಿ ಕೊಡುವ ನಮ್ಮದೇ ಊರಿನ ನೊರೆವೈನು. ಅತಿಥಿಗಳು ಕಣ್ಣರಳಿಸಿ ಕೈ ಕುಲುಕುತ್ತಾರೆ. ಯಾರನ್ನು ತಳ್ಳಬೇಕು ಅಂತ ಆರಿಸುವವನು ರಿಸೆಪ್ಷನ್ನಿನ ಮುಖ್ಯಸ್ಥ ಒಟ್ಟೋಕಾರ್. ಪ್ರಶ್ನೆ ಕೇಳದ, ಸಂಕೋಚದ ಜನರನ್ನು ಅವನು ಮುಖ ನೋಡಿಯೇ ಗುರುತಿಸುತ್ತಾನೆ. ಅದರಲ್ಲಿ ಅವನಷ್ಟು ಚುರುಕಿನವನು ಈ ಬೀದಿಯಲ್ಲೇ ಇಲ್ಲ. ಕೆಟ್ಟವನಲ್ಲ. ಸುಳ್ಳನ್ನು ಇಸ್ತ್ರಿ ಮಾಡಿ ಮಡಿಸಿಕೊಡುವುದು ಅವನ ಕೆಲಸ, ಹಾಸಿಗೆಯ ಹೊದಿಕೆಯನ್ನು ಮಡಿಸುವುದು ನನ್ನದು.

ಈ ನವೆಂಬರಿನಲ್ಲಿ ಹೃದಯದ ಡಾಕ್ಟರುಗಳ ದೊಡ್ಡ ಸಭೆಯೊಂದು ಊರಿನಲ್ಲಿ ನಡೆಯಿತು. ಒಬ್ಬರೂ ತಪ್ಪಿಸಿಕೊಳ್ಳದೆ ಬಂದರು. ಮಧ್ಯಾಹ್ನದ ಹೊತ್ತಿಗೆ ಅಂಗಳದ ಕಡೆ ಒಂದು ಕೋಣೆ ಕಡಿಮೆ ಬಿತ್ತು. ಸಿದ್ಧವಾಗಿದ್ದದ್ದು ಇಪ್ಪತ್ತೇಳನೇ ನಂಬರಿನ ಕೋಣೆ ಮಾತ್ರ. ಒಬ್ಬ ಗಡಿಬಿಡಿಯ ಡಾಕ್ಟರು ಭಾಷಣಕ್ಕೆ ತಯಾರಾಗಬೇಕು, ಸ್ನಾನ ಆಗಬೇಕು ಅಂತ ಕೌಂಟರಿನ ಮೇಲೆ ಬೆರಳು ಬಡಿಯುತ್ತಾ ನಿಂತಾಗ, ಒಟ್ಟೋಕಾರ್ ಇಪ್ಪತ್ತೇಳರ ಕೀಲಿಯನ್ನು ಅವನ ಕೈಗಿಟ್ಟ. ಅದು ಎಡ್ಲಿಂಗರ್ ದಂಪತಿಗಳ ಕೋಣೆ. ಪ್ರತಿ ವರ್ಷ ಮದುವೆಯ ದಿನಕ್ಕೆ ಸ್ಟೈರ್ ಊರಿನಿಂದ ರೈಲು ಹತ್ತಿ ಬಂದು, ಅದೇ ಕೋಣೆಯಲ್ಲಿ ಎರಡು ರಾತ್ರಿ ಇದ್ದು ಹೋಗುವವರು. ನಾನು ಇಲ್ಲಿ ಸೇರುವ ಮೊದಲಿನಿಂದಲೂ ಬರುತ್ತಿದ್ದಾರೆ. ಸಂಕೋಚದಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಹೋಗುವ ದಿನ ಹಾಸಿಗೆಯನ್ನು ತಾವೇ ಸರಿ ಮಾಡಿಟ್ಟು ಹೋಗುತ್ತಾರೆ.

ಅವರು ಬಂದಾಗ ನಾನು ಟವೆಲಿನ ವಿಷಯ ಮಾತಾಡಲು ಕೌಂಟರಿನ ಹತ್ತಿರವೇ ನಿಂತಿದ್ದೆ. ಒಟ್ಟೋಕಾರ್ ಕೈ ಚಾಚಿಕೊಂಡು ಹೊರಗೆ ಬಂದ.

"ಡೈರೆಕ್ಟರ್ ಸಾಹೇಬ್ರೇ, ಡೈರೆಕ್ಟರಮ್ಮಾ, ಬನ್ನಿ ಬನ್ನಿ. ನಿಮ್ಮ ದಾರಿ ಕಾಯ್ತಾ ನನ್ನ ಮೀಸೆನೇ ಬೆಳ್ಳಗಾಯ್ತು."

ಎಡ್ಲಿಂಗರ್ ಶಾಲೆಯೊಂದರ ಮುಖ್ಯಸ್ಥರಾಗಿದ್ದವರು. ಕೆಲಸದಿಂದ ನಿವೃತ್ತರಾದರೂ ಈ ಊರಿನಲ್ಲಿ ಪದವಿಗೆ ನಿವೃತ್ತಿ ಇಲ್ಲ, ಗಂಡನ ಪದವಿ ಹೆಂಡತಿಗೂ ಅಂಟಿಕೊಂಡೇ ಇರುತ್ತದೆ. ಡೈರೆಕ್ಟರಮ್ಮ ನಕ್ಕರು. ಗಂಡನ ತೋಳನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದರು. ಸಾಹೇಬರು ಹ್ಯಾಟು ತೆಗೆದು ದೀಪಗುಚ್ಛಕ್ಕೆ ನಮಸ್ಕಾರ ಹೇಳಿದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ.

"ಇಷ್ಟು ವರ್ಷದ ನಂಟು ನಮ್ಮದು," ಒಟ್ಟೋಕಾರ್ ಎದೆ ಮುಟ್ಟಿಕೊಂಡ. "ಅದಕ್ಕೆ ಈ ಸಲ ನಿಮಗೊಂದು ಉಡುಗೊರೆ. ನಾಲ್ಕನೇ ಮಹಡಿ, ಬೀದಿ ಕಡೆ, ಎರಡು ರೂಮು ಸೇರಿರೋ ಸೂಟು. ಬಾಡಿಗೆ ಮಾತ್ರ ಅದೇ ಹಳೇದು."

"ಅಯ್ಯೋ, ಇದೆಲ್ಲಾ ಯಾಕೆ ಒಟ್ಟೋಕಾರ್ ಅವ್ರೇ. ನಮಗೆ ಇಪ್ಪತ್ತೇಳೇ ಸಾಕಿತ್ತು," ಅಂದರು ಡೈರೆಕ್ಟರಮ್ಮ.

"ಸಾಕು ಅಂತ ನೀವು ಅಂತೀರಿ, ನಮ್ಮ ಮನಸ್ಸು ಕೇಳ್ಬೇಕಲ್ಲ."

"ಅಲ್ಲ, ಅದು ಖಾಲಿ ಇದ್ರೆ…"

ಅವರು ಎರಡನೇ ಸಲ ಕೇಳಿದರು. ಎರಡನೇ ಸಲ ಕೇಳುವವರು ಅವರಲ್ಲ. ಅಷ್ಟಾದರೂ ನಮಗೆ ತಿಳಿಯಬೇಕಿತ್ತು. ಒಟ್ಟೋಕಾರ್ ರೆಪ್ಪೆ ಕೂಡ ಅಲುಗಿಸದೆ ಹೇಳಿದ, "ಆ ರೂಮಿನ ಬಚ್ಚಲಲ್ಲಿ ಪೈಪ್ ಒಡೆದಿದೆ ಡೈರೆಕ್ಟರಮ್ಮಾ. ನೆಲ ಎಲ್ಲಾ ಅಗೆದು ಹಾಕಿದಾರೆ. ಅಲ್ವಾ ಯಾದ್ರಾಂಕಾ?"

ನಾನು ಹೌದು ಅಂದೆ. ಟವೆಲು ಕೇಳಲು ಬಂದವಳು ಸುಳ್ಳಿಗೆ ಸಾಕ್ಷಿ ಹೇಳಿದೆ. ಡೈರೆಕ್ಟರಮ್ಮ ಮತ್ತೆ ಮತ್ತೆ ಥ್ಯಾಂಕ್ಸ್ ಹೇಳಿದರು.

ಅವರನ್ನು ಮೇಲಕ್ಕೆ ಕರೆದುಕೊಂಡು ಹೋದವಳೂ ನಾನೇ. ಸೂಟಿನ ಒಳಗೆ ಗೋಡೆಯಷ್ಟು ಎತ್ತರದ ಕನ್ನಡಿ, ಯಾವ ಕಡೆ ನೋಡಿದರೂ ಬಾಗಿಲು. ಸಾಹೇಬರು ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು, ಆಸ್ಪತ್ರೆಯಲ್ಲಿ ಸರದಿಗೆ ಕಾಯುವವರ ಹಾಗೆ ಕುರ್ಚಿಯ ಅಂಚಿನಲ್ಲಿ ಕುಳಿತರು.

"ಟೀಚರ್, ನಮ್ಮನ್ನ ಯಾವಾಗ ಕರೀತಾರೆ?" ಅಂದರು.

ನಾನು ಸುತ್ತ ನೋಡಿದೆ. ಟೀಚರ್ ಅಂದದ್ದು ಹೆಂಡತಿಗೆ.

ಡೈರೆಕ್ಟರಮ್ಮ ನನ್ನನ್ನು ಹೊರಗೆ ಕರೆದುಕೊಂಡು ಬಂದು ಬಾಗಿಲು ಮುಂದೆ ಮಾಡಿದರು. "ಯಾದ್ರಾಂಕಾ, ಆ ಪೈಪ್ ಇವತ್ತೇ ಸರಿ ಹೋಗೋ ಹಾಗಿದೆಯಾ?"

"ಯಾಕಮ್ಮ, ಈ ರೂಮು ಹಿಡಿಸಲಿಲ್ವಾ?"

"ಅಷ್ಟು ಚೆನ್ನಾಗಿರೋ ರೂಮು, ಹಿಡಿಸದೆ ಇರುತ್ತಾ. ಇವರಿಗೆ ಮರೆವು ಬಂದಿದೆ. ಮನೇಲಿ ನಾನು ಯಾರು ಅಂತಾನೇ ಗೊತ್ತಾಗಲ್ಲ. ಶಾಲೇಲಿ ಕೆಲಸ ಮಾಡ್ತಿದ್ದ ಯಾರೋ ಟೀಚರ್ ಅಂದ್ಕೊಂಡಿದಾರೆ. ಹೋದ ವರ್ಷವೂ ಹಾಗೇ ಇತ್ತು. ಆದ್ರೆ ಇಲ್ಲಿ ಇಪ್ಪತ್ತೇಳರಲ್ಲಿ ಬೆಳಿಗ್ಗೆ ಎದ್ದು, ಕಿಟಕಿ ತೆಗೆದು, ಕೆಳಗಿನ ಅಡುಗೆಮನೆ ಪಾತ್ರೆ ಸದ್ದು ಕೇಳಿ, 'ಟ್ರೂಡಿ, ಕಾಫಿ ಆಗ್ತಾ ಇದೆ, ಏಳೇ' ಅಂದ್ರು. ಅವತ್ತು ಸಾಯಂಕಾಲದವರೆಗೂ ಟ್ರೂಡಿ ಟ್ರೂಡಿ ಅಂತಾನೇ ಓಡಾಡಿದ್ರು." ಅವರು ಕೈಚೀಲದ ಕೊಕ್ಕೆಯನ್ನು ತೆಗೆದು ಹಾಕಿ ಮಾಡುತ್ತಿದ್ದರು. "ಮುಂದಿನ ವರ್ಷ ಇವರನ್ನ ಕರ್ಕೊಂಡು ಬರೋಕಾಗಲ್ಲ ಅಂತ ನಮ್ಮೂರ ಡಾಕ್ಟರು ಹೇಳಿದಾರೆ. ಇನ್ನೊಂದೇ ಒಂದು ಸಲ ನನ್ನ ಹೆಸರು ಕೇಳಿಸ್ಕೊಳ್ಳೋಣ ಅಂತ ಬಂದೆ."

"ಇದನ್ನ ಕೆಳಗೇ ಹೇಳಬಾರದಿತ್ತಾ?"

"ಪ್ರೀತಿಯಿಂದ ಕೊಡ್ತಿದಾರೆ. ಬೇಡ ಅನ್ನೋಕೆ ಬಾಯಿ ಬರುತ್ತಾ?"

ಕೇಳಿ ನೋಡುತ್ತೇನೆ ಅಂತ ಹೇಳಿ ಮೆಟ್ಟಿಲಿಳಿದು ಓಡಿದೆ. ಒಟ್ಟೋಕಾರನನ್ನು ಕೀಲಿಗಳನ್ನು ತೂಗುಹಾಕುವ ಹಲಗೆಯ ಹಿಂದಿನ ಕೋಣೆಗೆ ಎಳೆದು ಎಲ್ಲವನ್ನೂ ಹೇಳಿದೆ. ಅವನು ಕೂಡಲೇ ಕುಳಿತುಬಿಟ್ಟ.

"ಅಯ್ಯೋ ದೇವರೇ. ನನಗೆ ಹೇಗೆ ಗೊತ್ತಾಗ್ಬೇಕು?"

"ಈಗ ಗೊತ್ತಾಯ್ತಲ್ಲ. ಆ ಡಾಕ್ಟರನ್ನ ಸೂಟಿಗೆ ಹಾಕು. ಕುಣ್ಕೊಂಡು ಹೋಗ್ತಾನೆ."

"ಹಾಕ್ಬಹುದು. ಆದ್ರೆ ನೆಲ ಅಗೆದಿದಾರೆ ಅಂತ ಹೇಳಿದೀನಲ್ಲ, ಯಾದ್ರಾಂಕಾ. ಅಗೆದ ನೆಲ ಅರ್ಧ ಗಂಟೇಲಿ ಸರಿಹೋಯ್ತು ಅಂದ್ರೆ ಯಾರಾದ್ರೂ ನಂಬ್ತಾರಾ? ಅಷ್ಟು ವರ್ಷದಿಂದ ನನ್ನ ಮುಖ ನೋಡಿ ಬರೋ ಜನ."

"ಸುಳ್ಳು ಹೇಳಿದೆ, ತಪ್ಪಾಯ್ತು ಅನ್ನು."

"ನೀನು ಹೇಳ್ತೀಯಾ? ಹೌದು ಅಂದೋಳು ನೀನೇ."

ಆಮೇಲೆ ಅವನೇ ಮೆತ್ತಗಾದ. "ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ. ರಾತ್ರಿಯೆಲ್ಲಾ ಕೂತು ರಿಪೇರಿ ಮಾಡಿಸಿದ್ವಿ ಅಂತ ಹೇಳಿ ಇಪ್ಪತ್ತೇಳಕ್ಕೆ ಕರ್ಕೊಂಡು ಹೋಗೋಣ. ನಾಡಿದ್ದು ಬೆಳಿಗ್ಗೆ ಅವರು ಅಲ್ಲೇ ಏಳ್ತಾರೆ. ಒಂದು ರಾತ್ರಿ ತಾನೇ?"

ಇನ್ನೂ ಒಂದು ಉಪಕಾರ ಮಾಡಿದ ಹಾಗೆ ತೋರಿಸಿಕೊಳ್ಳುವ ಆಸೆ ಅವನಿಗೆ. ಸಿಕ್ಕಿಬೀಳದೆ ಪಾರಾಗುವ ಆಸೆ ನನಗೆ. ಇಬ್ಬರಿಗೂ ಒಪ್ಪಿಗೆಯಾಯಿತು. ಮೇಲೆ ಹೋಗಿ ಡೈರೆಕ್ಟರಮ್ಮನಿಗೆ, ನಾಳೆಗೆ ಸರಿ ಹೋಗುತ್ತದಂತೆ ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. ಆ ಕೈಯನ್ನು ಬಿಡಿಸಿಕೊಳ್ಳುವುದು ನನಗೆ ಕಷ್ಟವಾಯಿತು.

ಮಧ್ಯಾಹ್ನದ ಊಟವಾದ ಮೇಲೆ ಸಾಹೇಬರು ಮಲಗಿ ನಿದ್ದೆ ಹೋದರು. ಪ್ರತಿ ವರ್ಷ ಅವರು ಮಲಗಿದ ಹೊತ್ತಿನಲ್ಲಿ ಡೈರೆಕ್ಟರಮ್ಮ ಬೀದಿಯ ಮೂಲೆಯ ಬೇಕರಿಗೆ ಹೋಗಿ, ರಮ್ ಹಾಕಿದ ಗುಲಾಬಿ ಬಣ್ಣದ ಚಿಕ್ಕ ಕೇಕು ಎರಡು ತರುತ್ತಾರೆ. ಇಪ್ಪತ್ತೇಳರಲ್ಲಿ ಸಾಹೇಬರು ನಡುವೆ ಎದ್ದರೂ ತೊಂದರೆಯಿರಲಿಲ್ಲ; ಎಲ್ಲಿ ಏನಿದೆ ಅಂತ ಅವರ ಕೈಕಾಲಿಗೆ ಗೊತ್ತಿತ್ತು. ಡೈರೆಕ್ಟರಮ್ಮ ಈ ಸಲವೂ ಹಾಗೇ ಹೋದರು.

ಎರಡನೇ ಮಹಡಿಯಲ್ಲಿ ಗದ್ದಲ ಕೇಳಿ ನಾನು ಹೋಗುವಷ್ಟರಲ್ಲಿ, ಸಾಹೇಬರು ಮೇಲಿನಿಂದ ಇಳಿದು ಬಂದು ಇಪ್ಪತ್ತೇಳರ ಬಾಗಿಲಲ್ಲಿ ನಿಂತಿದ್ದರು. ಕಾಲಿಗೆ ಬರೀ ಕಾಲುಚೀಲ, ಆದರೆ ಕೋಟು ನೀಟಾಗಿ ಹಾಕಿಕೊಂಡಿದ್ದರು. ಒಳಗೆ ಆ ಡಾಕ್ಟರು ಒದ್ದೆ ತಲೆಯಲ್ಲಿ, ಸ್ನಾನದ ನಿಲುವಂಗಿಯಲ್ಲಿ ಬಾಗಿಲನ್ನು ತಡೆದು ನಿಂತಿದ್ದ.

"ನೀವು ಯಾರು? ನನ್ನ ರೂಮಲ್ಲಿ ಏನು ಮಾಡ್ತಿದೀರಿ?" ಸಾಹೇಬರ ಧ್ವನಿ ಗಟ್ಟಿಯಾಗಿತ್ತು. ಇಡೀ ಶಾಲೆಯನ್ನು ಸುಮ್ಮನಾಗಿಸುತ್ತಿದ್ದ ಧ್ವನಿ ಇದೇ ಇರಬೇಕು. "ನನ್ನ ಹೆಂಡತಿ ಎಲ್ಲಿ? ಟ್ರೂಡಿ ಎಲ್ಲಿ? ಟ್ರೂಡಿ!"

ಅಂಗಳದ ಕಿಟಕಿಯ ಕಡೆ ಕತ್ತು ಚಾಚಿ ಕೂಗಿದರು. ಬರಬೇಕಾದ ಹೆಸರು ಬಂದೇಬಿಟ್ಟಿತು. ಕೇಳಬೇಕಾದವರು ಬೇಕರಿಯಲ್ಲಿದ್ದರು.

ಡಾಕ್ಟರು ಆಗಲೇ ಕೆಳಗೆ ಫೋನು ಮಾಡಿದ್ದ. ಒಟ್ಟೋಕಾರ್ ಓಡಿ ಬಂದ. ಏದುಸಿರು ಬಿಡುತ್ತಾ, ಅಭ್ಯಾಸದಿಂದ ಬಾಯಿಗೆ ಬಂದದ್ದನ್ನೇ ಹೇಳಿದ: "ಸಾಹೇಬ್ರೇ, ದಯವಿಟ್ಟು ಬನ್ನಿ. ಇದು ನಿಮ್ಮ ರೂಮಲ್ಲ."

"ನನ್ನದೇ."

"ಅಲ್ಲ ಸಾಹೇಬ್ರೇ. ಇದು ಬೇರೆಯವರ ರೂಮು. ಬೇರೆಯವರ ರೂಮಿಗೆ ಹೀಗೆ ಬರಬಾರದು."

ಸಾಹೇಬರು ಅವನ ಸಮವಸ್ತ್ರ ನೋಡಿದರು. ಒದ್ದೆ ತಲೆಯವನನ್ನು ನೋಡಿದರು, ಆಮೇಲೆ ತಮ್ಮ ಪಾದಗಳನ್ನು. ಜೀವನಪೂರ್ತಿ ಮಕ್ಕಳಿಗೆ ಶಿಸ್ತು ಕಲಿಸಿದ ಮನುಷ್ಯ ನಾಚಿಕೆಯಿಂದ ಕೆಂಪಾದರು. ಕ್ಷಮೆ ಕೇಳಿದರು, ಡಾಕ್ಟರಿಗೂ ಒಟ್ಟೋಕಾರನಿಗೂ ನನಗೂ. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಡೈರೆಕ್ಟರಮ್ಮ ಕೇಕಿನ ಡಬ್ಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದದ್ದು ಆಗ. ಗಂಡನನ್ನು ನೋಡಿದರು. ತೆರೆದ ಬಾಗಿಲನ್ನು, ಬಚ್ಚಲಿನಿಂದ ಬರುತ್ತಿದ್ದ ಬಿಸಿನೀರಿನ ಹಬೆಯನ್ನು ನೋಡಿದರು. ಯಾವ ಪೈಪೂ ಒಡೆದಿಲ್ಲ ಅಂತ ಹೇಳುವ ಅಗತ್ಯವೇ ಬೀಳಲಿಲ್ಲ.

"ರೂಮು ಬೇಕಾಗಿತ್ತು ಅಂತ ಹೇಳಿದ್ದಿದ್ರೆ, ನನಗೂ ಬೇಕು ಅಂತ ಹೇಳ್ತಿದ್ದೆ ಒಟ್ಟೋಕಾರ್ ಅವ್ರೇ," ಅಂದರು. ಧ್ವನಿ ಏರಿಸಲಿಲ್ಲ. "ಉಡುಗೊರೆ ಅಂದ್ರಿ. ನನ್ನ ಬಾಯಿ ಕಟ್ಟಿತು."

ಒಟ್ಟೋಕಾರ್ ಮಾಡಬೇಕಾದ್ದನ್ನು ಆಮೇಲೆ ಮಾಡಿದ. ಡಾಕ್ಟರನ್ನು ಬೇಡಿಕೊಂಡು ಸೂಟಿಗೆ ಕಳಿಸಿದ; ಆತ ನಿಜವಾಗಿಯೂ ಖುಷಿಯಿಂದಲೇ ಹೋದ. ನಾನು ಯಾವ ಹುಡುಗಿಯನ್ನೂ ಕರೆಯದೆ ಹೊದಿಕೆ ಬದಲಾಯಿಸಿದೆ, ಬಚ್ಚಲು ಒರೆಸಿದೆ, ಅಡುಗೆಮನೆಯ ಸದ್ದು ಕೇಳಲಿ ಅಂತ ಕಿಟಕಿ ತೆರೆದಿಟ್ಟೆ. ಡೈರೆಕ್ಟರಮ್ಮ ಗಂಡನ ಕೈ ಹಿಡಿದು ಹೊಸ್ತಿಲವರೆಗೆ ಕರೆತಂದರು.

ಸಾಹೇಬರು ಅಲ್ಲೇ ನಿಂತರು. "ಬೇಡ ಟೀಚರ್. ಇದು ಬೇರೆಯವರ ರೂಮು."

"ನಮ್ಮದೇ. ನೋಡಿ, ನಿಮ್ಮ ಕಿಟಕಿ."

"ಬೇರೆಯವರದು. ಇವರು ಹೇಳಿದ್ರಲ್ಲ." ಒಟ್ಟೋಕಾರನ ಕಡೆ ಗೌರವದಿಂದ ತಲೆ ಬಾಗಿಸಿದರು.

"ಸಾಹೇಬ್ರೇ, ನಾನು ತಪ್ಪು ಹೇಳಿದೆ. ಇದು ನಿಮ್ಮದೇ ರೂಮು."

ಆದರೆ ಅವರು ಜಗ್ಗಲಿಲ್ಲ. ಹೆಂಡತಿಯನ್ನು ಉಳಿಸಿಕೊಳ್ಳಲಾರದ ತಲೆ ಆ ಒಂದು ಮಾತನ್ನು ಭದ್ರವಾಗಿ ಹಿಡಿದಿಟ್ಟುಕೊಂಡಿತ್ತು. ಎಷ್ಟು ಕರೆದರೂ ಒಳಗೆ ಕಾಲಿಡಲಿಲ್ಲ. ಕೊನೆಗೆ, ಊರಿಗೆ ಹೋಗೋಣ ಅಂತ ಅಳುವುದಕ್ಕೆ ಶುರು ಮಾಡಿದರು.

ಸಂಜೆಯ ರೈಲಿಗೆ ಹೊರಟರು. ಟ್ಯಾಕ್ಸಿ ಬರುವವರೆಗೆ ಸಾಹೇಬರು ಕೆಳಗಿನ ಸೋಫಾದಲ್ಲಿ ಕುಳಿತು ಕೇಕು ತಿಂದರು. ಒಟ್ಟೋಕಾರ್ ಪೆಟ್ಟಿಗೆ ಹಿಡಿದುಕೊಂಡು ಕೂಲಿಯವನ ಹಾಗೆ ನಿಂತಿದ್ದ. ಕ್ಷಮಿಸಿ ಅಂತ ಎರಡು ಸಲ ಬಾಯಿ ತೆರೆದು, ಎರಡು ಸಲವೂ ಅರ್ಧಕ್ಕೆ ನಿಲ್ಲಿಸಿದ. ಆಮೇಲೆ, "ಅಮ್ಮ, ನಿಮಗೆ ಒಂದು ವಿಷಯ ಹೇಳ್ಬೇಕು," ಅಂದ. ಡೈರೆಕ್ಟರಮ್ಮ ಅಂತ ಅನ್ನಲಿಲ್ಲ. "ಸಾಹೇಬ್ರು ಅಲ್ಲಿ ನಿಂತಿದ್ದಾಗ ನಿಮ್ಮನ್ನ ಕೇಳಿದ್ರು. ನಾನು ಮೆಟ್ಟಿಲಲ್ಲಿ ಬರ್ತಾ ಕೇಳಿಸ್ಕೊಂಡೆ. ಹೆಸರು ಹಿಡಿದು ಕೂಗಿದ್ರು."

ಅವರು ತಕ್ಷಣ ನನ್ನ ಕಡೆ ತಿರುಗಿದರು, ಇದೂ ಸುಳ್ಳಾ ಅಂತ ತಿಳಿದುಕೊಳ್ಳಲು. ಆ ನೋಟಕ್ಕೆ ನಾನು ಅರ್ಹಳಾಗಿದ್ದೆ.

"ನಿಜ ಅಮ್ಮ," ಅಂದೆ. "ನಾನು ಅಲ್ಲೇ ಇದ್ದೆ."

"ಹೇಗೆ ಕೂಗಿದ್ರು?"

"ಟ್ರೂಡಿ ಅಂತ," ಅಂದ ಒಟ್ಟೋಕಾರ್.

"ಹಾಗಲ್ಲ. ಅವರು ಕೂಗಿದ ಹಾಗೇ ಕೂಗಿ."

ಒಟ್ಟೋಕಾರ್ ಪೆಟ್ಟಿಗೆಯನ್ನು ಕೆಳಗಿಟ್ಟ. ಸುತ್ತ ಹೊಸ ಅತಿಥಿಗಳು ಸರದಿಯಲ್ಲಿ ನಿಂತಿದ್ದರು. ಅವನು ಕತ್ತು ಚಾಚಿ, ಸಾಹೇಬರು ಮಾಡಿದ ಹಾಗೆಯೇ ಕೊನೆಯ ಅಕ್ಷರವನ್ನು ಎಳೆದು, ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಡೈರೆಕ್ಟರಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು. ಸೋಫಾದಲ್ಲಿದ್ದ ಸಾಹೇಬರು ಯಾರು ಯಾರನ್ನು ಕರೆಯುತ್ತಿದ್ದಾರೆ ಅಂತ ಆಚೀಚೆ ನೋಡಿದರು.

"ಇನ್ನೊಂದು ಸಲ," ಅಂದರು ಡೈರೆಕ್ಟರಮ್ಮ.

ಅವನು ಇನ್ನೊಂದು ಸಲ ಕೂಗಿದ. ಆದರೆ ಹೆಸರು ಪೂರ್ತಿಯಾಗಲಿಲ್ಲ. ಡೈರೆಕ್ಟರಮ್ಮ ಕಣ್ಣು ತೆರೆದು, ಗಂಡನ ಕೋಟಿನ ಮೇಲೆ ಬಿದ್ದಿದ್ದ ಕೇಕಿನ ಪುಡಿ ಒರೆಸಿ, ಒಟ್ಟೋಕಾರನಿಗೆ ಥ್ಯಾಂಕ್ಸ್ ಹೇಳಿದರು.